ಹದಿನಾಲ್ಕು ಪುಟದ ಕಹಳೆ

ಕೋಪನ್‌ಹೇಗನ್ನಿನ ಆಸ್ಪತ್ರೆ, ನೆಲಮಾಳಿಗೆ,
ತೊಂಬತ್ತೈದರ ಫೆಬ್ರವರಿ.
ವಾರ್ಡುಗಳಿಗೆ ಬಂದ ಇ-ಮೇಲ್ ಮುದ್ರಿಸಿ
ಮಡಚಿ ಮೇಲೆ ಒಯ್ಯುವುದು ನನ್ನ ಕೆಲಸ.
ಹೆಚ್ಚಾಗಿ ರಕ್ತದ ಲೆಕ್ಕ, ರಜೆಯ ಚೀಟಿ.

ಆ ಬುಧವಾರ ಫಾರೋ ದ್ವೀಪದಿಂದ ಒಂದು ಬಂತು.
ಸುನ್ನೆವಾ ಎಂಬವಳು ತನ್ನ ಸೋದರಮಾವನಿಗೆ:
"ಮಾವ, ಮಂಜಿನ ಕಹಳೆಯನ್ನು ಶುಕ್ರವಾರ ನಿಲ್ಲಿಸುತ್ತಾರಂತೆ.
ಅಷ್ಟರೊಳಗೆ ಹಿಡಿದಿಟ್ಟಿದ್ದೇನೆ, ಆರು ಸೆಕೆಂಡು. ಕೇಳು."

ಕೆಳಗೆ ಕಹಳೆ ಇರಲಿಲ್ಲ.
ಅಕ್ಷರಗಳಿದ್ದವು.
ಅಂಚಿನಿಂದ ಅಂಚಿಗೆ, ಉಸಿರಿಗೂ ಜಾಗ ಬಿಡದೆ
ದೊಡ್ಡವು, ಚಿಕ್ಕವು, ನಡುನಡುವೆ ಅಂಕಿ, ಕೂಡುವ ಗುರುತು,
ಕೀಲಿಮಣೆಯ ಮೇಲೆ ಬೆಕ್ಕು ಮಲಗಿ ಹೊರಳಿದ ಹಾಗೆ.

ನಮ್ಮ ಯಂತ್ರಕ್ಕೆ ಕಿವಿಯಿಲ್ಲ, ಬಾಯಂತೂ ಮೊದಲೇ ಇಲ್ಲ.
ಎಸೆಯಬೇಕಿತ್ತು.
ಮುದ್ರಣಯಂತ್ರ ನನ್ನ ಮಾತು ಕೇಳಲಿಲ್ಲ. ಕಿರ್ರೆಂದು
ಹದಿನಾಲ್ಕು ಪುಟ ಉಗುಳಿ ಸುಮ್ಮನಾಯಿತು.

ಮೂರನೆಯ ಮಹಡಿ, ಕಿಟಕಿ ಪಕ್ಕದ ಹಾಸಿಗೆ: ತುಮ್ಮಸ್.
ಮೂವತ್ತೊಂದು ವರ್ಷ ದೀಪಸ್ತಂಭ ಕಾದವನು.
ಗಂಟಲಿಗೆ ಬ್ಯಾಂಡೇಜು, ಮಾತು ವಾರದಿಂದ ಬಂದ್.
"ಕ್ಷಮಿಸಿ," ಎಂದೆ, "ಶಬ್ದವನ್ನು ಅಕ್ಷರ ಮಾಡಿ ಕಳಿಸಿದ್ದಾರೆ,
ಇಲ್ಲಿ ಅದನ್ನು ಮರಳಿ ಶಬ್ದ ಮಾಡುವವರಿಲ್ಲ."

ಅವನು ಕನ್ನಡಕ ಏರಿಸಿದ. ಕಾಗದವನ್ನು ಹರಿಯದೆ
ಹಾಸಿಗೆಯುದ್ದಕ್ಕೂ ಬಿಚ್ಚಿದ, ಅದು ಕಾಲು ದಾಟಿ ನೆಲಕ್ಕಿಳಿಯಿತು.
ತೆರಿಗೆಯವರ ನೋಟೀಸೇ? ಎಂದ ಪಕ್ಕದ ಹಾಸಿಗೆಯವನು.
ಬೆರಳು ನಡೆಯಿತು. ಒಂದು, ಎರಡು, ನಾಲ್ಕು ಪುಟ.
ಐದರಲ್ಲಿ ನಿಂತಿತು.

ಅಲ್ಲಿ ಅಕ್ಷರ ತೀರಿ ಬರೀ ಓರೆಗೆರೆ
////////////////////////
ಗಾಳಿಗೆ ವಾಲಿದ ಜಿನುಗಿನಂತೆ
ಸಾಲು ಸಾಲು, ಒಂಬತ್ತನೆಯ ಪುಟದವರೆಗೆ.

ಸ್ಲೇಟಿನ ಮೇಲೆ ಬರೆದ:
ಇದು ಕೂಗಲ್ಲ. ಎರಡು ಕೂಗಿನ ನಡುವಿನದು.
ಇಲ್ಲಿ ನನಗೆ ಒಂದು ಗುಟುಕು ಕಾಫಿ.

ಏಳನೆಯ ಪುಟದಲ್ಲಿ, ಗೆರೆಗಳೊಳಗೆ ಸಿಕ್ಕಿಕೊಂಡ
ಒಂದೇ ಒಂದು ಸಣ್ಣ ಕೆ, ಅದರ ಪಕ್ಕ ಒಂಬತ್ತು.
ಮುದ್ರಣದ ತಪ್ಪು ಅಂದುಕೊಂಡೆ.
ಅವನು ಬಹಳ ಹೊತ್ತು ನೋಡಿದ.
ಸ್ಲೇಟು ಒರೆಸಿ ಬರೆದ: ಬಾಗಿಲು.
ಸ್ವಲ್ಪ ತಡೆದು, ಅದರ ಕೆಳಗೆ:
ಎಣ್ಣೆ ಹಾಕು ಅಂತ ಆ ಹುಡುಗಿಗೆ ಎಷ್ಟು ಸಲ ಹೇಳಿದ್ದೆ.

ಕೊನೆಯ ಸಾಲಿನ ತುದಿಗೆ ಒಂದು ಸಮಚಿಹ್ನೆ,
ಅದರಾಚೆ ಖಾಲಿ ಕಾಗದ.
ಅದೇನೆಂದು ಅವನು ಕೇಳಲಿಲ್ಲ.

ಕೆಳಗಿಳಿದು ಉತ್ತರ ಒತ್ತಿದೆ:
"ತಲುಪಿತು. ಬಾಗಿಲಿಗೆ ಎಣ್ಣೆ ಬೇಕಂತೆ."