ನಲವತ್ತು ಹೆಜ್ಜೆ

ಲಾಮು ದ್ವೀಪದ ಓಣಿಗಳನ್ನು ಕಟ್ಟಿದವರು
ಒಂದು ಕತ್ತೆಯ ಹೊಟ್ಟೆಯನ್ನೇ ಅಳತೆಗೋಲು ಮಾಡಿಕೊಂಡಿರಬೇಕು.
ಎದುರಿಗೆ ಯಾರೇ ಬಂದರೂ
ಇಬ್ಬರಲ್ಲೊಬ್ಬರು ಹಿಂದೆ ಸರಿಯಲೇಬೇಕು.

ನನಗಾಗ ಹನ್ನೊಂದು.
ಮದರಸಾದಲ್ಲಿ ಆ ವರ್ಷದ ಬಹುಮಾನ ನನಗೆ,
ಹಸಿರು ದಾರದ ಕಸೂತಿಯಿದ್ದ ಬಿಳಿ ಟೊಪ್ಪಿ.
ಒಂದಕ್ಷರ ತಪ್ಪಿಲ್ಲ, ಒಂದು ದೀರ್ಘ ಕುಗ್ಗಿಲ್ಲ ಎಂದು
ಗುರುಗಳು ಎಲ್ಲರೆದುರು ಹೇಳಿದ್ದರು.
ಟೊಪ್ಪಿ ಜಾರದಂತೆ ಕತ್ತು ನೆಟ್ಟಗಿಟ್ಟುಕೊಂಡು
ಮನೆಗೆ ಹೊರಟಿದ್ದೆ.
ತಿರುವು ದಾಟಿ ಬರುತ್ತಿತ್ತು ಶೆಬ್ವಾನಾ ತಾತನ ಕತ್ತೆ,
ಎರಡೂ ಮಗ್ಗುಲಿಗೆ ಹವಳದ ಕಲ್ಲು ತುಂಬಿದ ಬುಟ್ಟಿ.

"ಅಸ್ಸಲಾಮು ಅಲೈಕುಂ, ಮಗಾ."
ಮೊದಲು ಹೇಳಿದ್ದು ಅವನೇ.
ನಾನು ಅರ್ಧ ಉತ್ತರ ಕೊಟ್ಟೆ, ಇನ್ನರ್ಧ ನುಂಗಿದೆ.
ನನ್ನ ಹಿಂದೆ ಮೂರೇ ಹೆಜ್ಜೆಗೆ ಒಂದು ಮನೆಯ ಜಗಲಿ,
ಅದರ ಮೇಲೆ ಹತ್ತಿ ನಿಂತಿದ್ದರೆ ಮುಗಿಯುತ್ತಿತ್ತು.
ಹತ್ತಲಿಲ್ಲ.
ಎದೆಗವಚಿದ ಗ್ರಂಥವನ್ನು ಒಂಚೂರು ಮೇಲೆತ್ತಿದೆ,
ಪೊಲೀಸಿನವನು ಗಾಡಿಗೆ ಕೈ ಎತ್ತುವ ಹಾಗೆ.

ಮುದುಕ ನಕ್ಕನೋ ಇಲ್ಲವೋ, ನೆನಪಿಲ್ಲ.
ಕತ್ತೆಯ ಹಣೆಗೆ ಅಂಗೈ ಇಟ್ಟ,
ಕಿವಿಯಲ್ಲಿ ಏನೋ ಹೇಳಿದ,
ಭಾರ ಹೊತ್ತ ಪ್ರಾಣಿಯನ್ನು ಹಿಂದೆ ಹಿಂದೆ ನಡೆಸಿದ.
ಗೊರಸು ತಡವರಿಸಿತು,
ಮೂಲೆಯ ಕಲ್ಲಿಗೆ ತೊಡೆ ತರಚಿತು.
ಅದು ಮುಂದೆ ಬಂದದ್ದಕ್ಕಿಂತ
ಹಿಂದೆ ಹೋದದ್ದೇ ಹೆಚ್ಚು ಹೊತ್ತು.
ನಾನು ನಡುಓಣಿಯಲ್ಲಿ, ರಾಜನ ಹಾಗೆ.

ಮಹಡಿಯ ಕಿಟಕಿಯಿಂದ ಅಜ್ಜಿ ನೋಡಿದ್ದಳೆಂದು
ತಿಳಿದದ್ದು ರಾತ್ರಿ ಊಟಕ್ಕೆ ಕೂತಾಗ.
ಅಜ್ಜಿ ಮ್ವಾನಕೊಂಬೊ ಬೈದವಳಲ್ಲ.
ತೆಂಗಿನ ಹಾಲಿನ ಅನ್ನ ಬಡಿಸಿದಳು,
ಮೀನಿನ ಮುಳ್ಳು ಬಿಡಿಸಿ ತಟ್ಟೆಯಂಚಿಗಿಟ್ಟಳು.
"ನೆಲದ ಮೇಲೆ ನಡೆಯುವ ಬಗ್ಗೆ ಬರುತ್ತದಲ್ಲ,
ಅದನ್ನೊಂದು ಸಲ ಓದು."
ಕಣ್ಣು ಮುಚ್ಚಿ ರಾಗವಾಗಿ ಓದಿದೆ.
"ತಪ್ಪಿತ್ತಾ ಅಜ್ಜಿ?"
"ನಾಲಿಗೆಯಲ್ಲಿ ಒಂದೂ ಇಲ್ಲಪ್ಪಾ.
ಈಗ ಕಾಲಲ್ಲಿ ಓದು."
ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ಬಟ್ಟಲು
ಕೈಗಿತ್ತು ಬಾಗಿಲು ತೆರೆದಳು.

ಇಶಾ ಮುಗಿದಿತ್ತು. ಹಿತ್ತಲಲ್ಲಿ ಚಾಪೆಯ ಮೇಲೆ
ಮುದುಕ ನನಗೆ ಬೆನ್ನಾಗಿ ಕೂತು ಕೈಯೆತ್ತಿ ಬೇಡುತ್ತಿದ್ದ.
ನಡುವೆ ಕರೆಯಬಾರದೆಂಬಷ್ಟು ನನಗೂ ಗೊತ್ತಿತ್ತು.
ನಿಂತೆ. ಎಣ್ಣೆ ತುಳುಕಿ ಬೆರಳಿಗಂಟಿತು.
ಪೊರೆ ಬಂದ ತನ್ನ ಕಣ್ಣಿಗೆ ಬೇಡಿದ,
ಮಣ್ಣೊಳಗಿನ ಹೆಂಡತಿಗೆ ಬೇಡಿದ,
ಕತ್ತೆಯ ಕಾಲಿಗೂ ಬೇಡಿದ.
ಆಮೇಲೆ,
"ಮ್ವಾನಕೊಂಬೊಳ ಮೊಮ್ಮಗ, ಒಳ್ಳೆ ಕಂಠದ ಹುಡುಗ,
ಅವನ ದಾರಿ ಅಗಲ ಮಾಡು, ಅಲ್ಲಾಹ್."

ಬೆನ್ನ ಹಿಂದೆ ಆಡುವ ಮಾತೆಂದರೆ
ಚಾಡಿಯೊಂದೇ ಎಂದುಕೊಂಡಿದ್ದೆ, ಅದುವರೆಗೆ.

ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ.
ಲಾಂದ್ರ ಹಿಡಿದು ಅವನು ನಿಂತ, ನಾನು ಎಣ್ಣೆ ಸವರಿದೆ.
ಕತ್ತೆ ಮಾತ್ರ ಅಷ್ಟು ಸುಲಭಕ್ಕೆ ಮಣಿಯಲಿಲ್ಲ.
ಕತ್ತು ತಿರುಗಿಸಿ ನನ್ನ ಟೊಪ್ಪಿ ಕಿತ್ತುಕೊಂಡು
ಹಸಿರು ಕಸೂತಿಯನ್ನು ಹುಲ್ಲೆಂದೇ ಬಗೆದು
ಮೆಲ್ಲತೊಡಗಿತು.
ಆಗ ನಕ್ಕ ಶೆಬ್ವಾನಾ. ಅದು ಚೆನ್ನಾಗಿ ನೆನಪಿದೆ.

ಈಗ ಅದೇ ಮದರಸಾದಲ್ಲಿ ನಾನೇ ಗುರು.
ಗಡ್ಡ ಅರ್ಧಕ್ಕರ್ಧ ಬೆಳ್ಳಗಾಗಿದೆ.
ಕತ್ತೆ ಬಂದರೆ ಜಗಲಿ ಹತ್ತುತ್ತೇನೆ,
ಕಾಫಿ ಮಾರುವವನ ಹಿತ್ತಾಳೆ ಹೂಜಿಗೆ,
ಚೆಂಡು ಒದೆಯುತ್ತ ಬರುವ ಪೋರರಿಗೂ ದಾರಿ ಬಿಡುತ್ತೇನೆ.
ಸಲಾಂ ನನ್ನದೇ ಮೊದಲು.
ಊರು ನನ್ನನ್ನು ಸಜ್ಜನ ಅನ್ನುತ್ತದೆ.

ಆದರೆ ನಿಜ ಹೇಳಬೇಕಲ್ಲ,
ಪ್ರತಿ ಸಲ ಹಿಂದೆ ಸರಿಯುವಾಗಲೂ ನನ್ನೊಳಗೆ
ಹೊಸ ಟೊಪ್ಪಿಯ ಹುಡುಗನೊಬ್ಬ
ಎಣಿಸುತ್ತಾನೆ, ಒಂದು, ಎರಡು, ಮೂರು.

ಅಂದು ಶೆಬ್ವಾನಾ ನಡೆದದ್ದು ನಲವತ್ತು ಹೆಜ್ಜೆ.
ಎಣಿಸಿದ್ದು ಅವನಲ್ಲ.