ಹಿಂಬದಿಯ ಷರತ್ತು

ಫಿರೋಜಾಬಾದಿನ ಶಾಖೆಯಲ್ಲಿ ಇಪ್ಪತ್ತಾರು ವರ್ಷ
ಒಂದೇ ಕಾಗದ ಬರೆದೆ ನಾನು.
ಹೆಸರು ಬದಲಾಗುತ್ತಿತ್ತು, ತಾರೀಖು ಬದಲಾಗುತ್ತಿತ್ತು,
‘ವಿಷಾದಿಸುತ್ತೇವೆ’ ಮಾತ್ರ ಅಲ್ಲೇ ಇರುತ್ತಿತ್ತು
ಗೋಡೆಗೆ ಹೊಡೆದ ಮೊಳೆಯ ಹಾಗೆ.

ಶಕೂರನ್‌ಗೂ ಅದನ್ನೇ ಬರೆದೆ.
ಗಂಡ ಬಳೆಯ ಕುಲುಮೆಯಲ್ಲಿ
ಕರಗಿದ ಗಾಜಿನುಂಡೆ ಕೋಲಿಗೆ ಸಿಕ್ಕಿಸಿ ಓಡುವವನು,
ನಲವತ್ತೊಂದಕ್ಕೆ ಎದೆ ಹಿಡಿದು ಕೂತ, ಏಳಲಿಲ್ಲ.
ಕೊನೆಯ ಎರಡು ಕಂತು ಬಂದಿಲ್ಲ ಎಂದಿತು ನಮ್ಮ ಪುಸ್ತಕ.
ಕೊಟ್ಟಿದೆ ಎಂದಿತು ಅವಳದು:
ಅಂಗೈಯಗಲದ ಡೈರಿ, ಸೀಮೆಎಣ್ಣೆಯ ವಾಸನೆ,
ಗುರುವಾರಕ್ಕೆ ಮೂವತ್ತು, ನಲವತ್ತು, ಒಮ್ಮೆ ಬರೀ ಹನ್ನೆರಡು,
ಪಕ್ಕದಲ್ಲಿ ಏಜೆಂಟ್ ದ್ವಾರಿಕಾ ಕುಲಶ್ರೇಷ್ಠನ
ಹಸಿರು ಶಾಯಿಯ ಬಾಲದ ಸಹಿ.
ಜ್ವಾಲೆಗೆ ಹಿಡಿದು ದಿನವಿಡೀ ಬಳೆಯ ಬಾಯಿ ಕೂಡಿಸುವವಳು;
ಈ ಎರಡು ತುದಿ ಅವಳಿಂದಲೂ ಕೂಡಲಿಲ್ಲ.

ಏಜೆಂಟರಿಗೆ ಹಣ ಪಡೆವ ಅಧಿಕಾರವಿಲ್ಲ, ಬರೆದೆ.
ಪಡೆದರೆ ಅದು ತಮ್ಮ ಪರವಾಗಿ ಪಡೆದದ್ದು.
ನಿಗಮ ಹೊಣೆಯಲ್ಲ.
ನೋಡಿ: ಪಾಲಿಸಿಯ ಹಿಂಬದಿ, ಏಳನೆಯ ಷರತ್ತು.
ಆ ಅಕ್ಷರ ಓದಲು ನನಗೇ ಭೂತಗನ್ನಡಿ ಬೇಕು.

ಗ್ರಾಹಕರ ನ್ಯಾಯಾಲಯದಲ್ಲಿ ನಮ್ಮ ವಕೀಲರು ಕೇಳಿದರು,
‘ಈ ದ್ವಾರಿಕಾ ನಿಮಗೆ ಏನಾಗಬೇಕು?’
ಅವಳು ಬೆರಳು ನೋಡಿಕೊಂಡಳು. ಸುಟ್ಟು ಸುಟ್ಟು ನುಣುಪಾದವು,
ಒತ್ತಿದರೆ ಹೆಬ್ಬೆಟ್ಟಿನ ಗೆರೆಯೂ ಮೂಡದಂಥವು.
‘ಏನೂ ಆಗಬೇಕಿಲ್ಲ ಸಾಹೇಬ್.
ನಿಮ್ಮ ಚೀಲ ಹಿಡಿದು ಬಂದ,
ನಿಮ್ಮ ಕ್ಯಾಲೆಂಡರು ನಮ್ಮ ಗೋಡೆಗೆ ತೂಗಿದ,
ಸ್ಕೂಟರಿನ ಮುಖಕ್ಕೆ ನಿಮ್ಮದೇ ಹೆಸರು.
ಹೊಸಿಲು ದಾಟಿ ಒಳಬಂದಾಗ ನಿಮ್ಮವನು,
ದುಡ್ಡು ಜೇಬಿಗಿಳಿಸಿ ಗಲ್ಲಿ ತಿರುಗಿದ್ದೇ ನಮ್ಮವನಾದನೇ?
ಯಾವ ತಿರುವಿನಲ್ಲಿ ಅಂತ ಹೇಳಿ,
ಹೋಗಿ ನೋಡಿಕೊಂಡು ಬರ್ತೀನಿ.’

ಯಾರೋ ಕೆಮ್ಮಿದರು. ಫ್ಯಾನು ತಿರುಗಿತು.

ನನಗೆ ನೆನಪಾದದ್ದು ಮೂರನೆಯ ಬೀರು.
ಅದರಲ್ಲೊಂದು ಕಾರ್ಬನ್ ಪ್ರತಿ, ಅದೂ ನನ್ನ ಕೈಯದೇ:
‘ಶ್ರೀ ದ್ವಾರಿಕಾ ಅವರು ಮನೆಮನೆಗೆ ನಡೆದುಹೋಗುವ
ನಿಗಮದ ಕೈ.’
ಶಾಲು ಹೊದಿಸಿದ ವರ್ಷ ಬರೆದದ್ದು,
ಊಟಕ್ಕೆ ಪೂರಿ ಇತ್ತು.

ಮುಂದಿನ ವಾಯಿದೆಗೆ ಒಯ್ದೆ.
ಯಾರೂ ಕೇಳಿರಲಿಲ್ಲ. ಫೈಲಿನ ನಡುವೆ ಸೇರಿಸಿ
ಸುಮ್ಮನೆ ಮೇಜಿನ ಮೇಲಿಟ್ಟೆ.

ತೀರ್ಪು ಅವಳ ಕಡೆಗೆ ಬಂತು.
ನಿಗಮ ಮೇಲ್ಮನವಿಗೆ ಹೋಯಿತು,
ಆ ಕಾಗದಕ್ಕೂ ನನ್ನನ್ನೇ ಕೂರಿಸಿದರು.
ಬರೆದೆ. ನಿವೃತ್ತಿಗೆ ಏಳು ತಿಂಗಳಿತ್ತು.
ಅದರಲ್ಲಿ ಮಾತ್ರ
ವಿಷಾದಿಸುವ ಸಾಲು ಬೇಕಿರಲಿಲ್ಲ.