ಹದಿನೆಂಟನೇ ಲೆವೆಲ್

ಸಿಂಧನೂರಿನಿಂದ ಹಟ್ಟಿಗೆ ನನ್ನನ್ನು ಕರೆಸಿದ್ದು
ಕತ್ತಲೆಯ ಬಗ್ಗೆ ಮಾತಾಡಲಿಕ್ಕೆ.
ಐದು ದಿನದ ಉಪನ್ಯಾಸಮಾಲೆ, ಸಂಜೆ ಆರೂವರೆಗೆ,
ಕ್ಯಾಂಪಿನ ಸಮುದಾಯ ಭವನ,
ಎರಡು ಫ್ಯಾನು, ಒಂದು ಶಾಲು, ಕವರಿನಲ್ಲಿ ಇಷ್ಟು.

ಕತ್ತಲೆ ನನಗೆ ಹೊಸದಲ್ಲ.
ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕಲಿಸಿದ್ದೇನೆ.
ಕತ್ತಲೆಗೆ ಏಳು ಅರ್ಥ, ಬೆಳಕಿಗೆ ಒಂಬತ್ತು,
ಬಯಲಿಗಂತೂ ಲೆಕ್ಕವೇ ಇಲ್ಲ.
‘ನಾನು ಎಂಬುದು ಕರಗಬೇಕು’ ಅನ್ನುವ ಮೊದಲು
ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೂ ಗೊತ್ತು:
ಮೂರು ಎಣಿಸುವಷ್ಟು.
ನಾಲ್ಕಾದರೆ ಹಿಂದಿನ ಸಾಲಿನವರು ಕೆಮ್ಮುತ್ತಾರೆ.

ಮೂರನೇ ದಿನ, ವಗ್ಗರಣಿ ಮಿರ್ಚಿ ತಿಂದು ಕೈ ತೊಳೆಯುವಾಗ
ಸಂಘದ ಕಾರ್ಯದರ್ಶಿ ಅಂದ:
‘ಸರ, ಒಮ್ಮೆ ಕೆಳಗ ಇಳದು ನೋಡಿ ಬರ್ರಿ.’
ಗಮ್‌ಬೂಟು ಕೊಟ್ಟರು, ಎಡಗಾಲಿನದು ಒಂದು ಸೈಜು ದೊಡ್ಡದು.
ಸೊಂಟಕ್ಕೆ ಬ್ಯಾಟರಿ, ವಿಭೂತಿಯ ಮೇಲೆ ಹೆಲ್ಮೆಟ್ಟಿನ ಪಟ್ಟಿ,
ಅದರ ಮೇಲೆ ಲ್ಯಾಂಪು.

ಕೇಜು ಇಳಿಯಿತು. ಹೊಟ್ಟೆ ಮೇಲೆಯೇ ಉಳಿಯಿತು.
ಹದಿನೆಂಟನೇ ಲೆವೆಲ್ಲಿನಲ್ಲಿ ಗೇಟು ಸರಿಸಿದರೆ
ಅಂಬಲಿಯ ಗಡಿಗೆ ಮುಚ್ಚಳ ತೆಗೆದಂತೆ ಬಿಸಿ ಹಬೆ.
ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.
ನನ್ನ ಜೊತೆ ಮೌಲಪ್ಪ, ಗಣಿಯ ಮಾಡಿಗೆ ಕಂಬ ಕೊಡುವವನು,
ರಿಟೈರಾಗಲು ಎರಡೇ ವರ್ಷ ಬಾಕಿ.
ದಾರಿಯುದ್ದಕ್ಕೂ ತುಟಿ ಬಿಚ್ಚದವನು
ಒಂದು ತಿರುವಿನಲ್ಲಿ ನಿಂತು
‘ಲ್ಯಾಂಪ್ ಆರಸ್ರಿ ಸರ’ ಅಂದ.
ಯಾರು ಬಂದರೂ ಹೀಗೇ ಮಾಡಿಸುತ್ತಾರಂತೆ.

ಆರಿಸಿದೆ.

ಕಣ್ಣು ಮುಚ್ಚಿದೆಯೋ ತೆರೆದಿದೆಯೋ
ಬೆರಳಿಟ್ಟು ನೋಡಿದೆ, ಬೆರಳು ಗುಡ್ಡೆಗೇ ತಾಗಿತು.
ಏಳು ಅರ್ಥಗಳಲ್ಲಿ ಒಂದೂ
ನನ್ನ ಜೊತೆ ಕೇಜು ಹತ್ತಿರಲಿಲ್ಲ.
ಕರಗಬೇಕಾಗಿದ್ದ ‘ನಾನು’ ಗಟ್ಟಿಯಾಗಿಯೇ ಇತ್ತು;
ಅದಕ್ಕೆ ಉಚ್ಚೆ ಬಂದಿತ್ತು,
ಮೊಣಕಾಲು ನಡುಗುತ್ತಿತ್ತು,
ಸತ್ತು ಇಪ್ಪತ್ತು ವರ್ಷವಾದ ಅವ್ವನನ್ನು ಕೂಗಬೇಕಾಗಿತ್ತು.

ಕೈ ಚಾಚಿದೆ.
ಇನ್ನೊಂದು ಕೈ ಮೊದಲೇ ಅಲ್ಲಿತ್ತು,
ಒರಟು, ಒದ್ದೆ, ಹೆಬ್ಬೆರಳಿಗೆ ಉಗುರಿಲ್ಲ.
ಅಂಜಬೇಡಿ ಅನ್ನಲಿಲ್ಲ ಆತ. ಏನೂ ಅನ್ನಲಿಲ್ಲ.
ಎಷ್ಟು ಹೊತ್ತೋ, ನಾನು ಎಣಿಸಲಿಲ್ಲ.
ಹಿಡಿದ ಕೈ ಯಾವುದು, ಹಿಡಿಸಿಕೊಂಡ ಕೈ ಯಾವುದು,
ನೀರು ತೊಟ್ಟಿಕ್ಕುವುದು ಬಂಡೆಯೊಳಗೋ, ನನ್ನ

ಇಲ್ಲಿ ಒಂದು ಸಾಲು ಬಿಡಬೇಕು.

ಬಿಡಲಿಲ್ಲ ನೋಡಿ.
ಅದೇ ಸಂಜೆ ಆರೂವರೆಗೆ ಮೈಕು ಹಿಡಿದು ಎಲ್ಲವನ್ನೂ ಹೇಳಿದೆ,
ಉಚ್ಚೆಯ ಮಾತೊಂದನ್ನು ಬಿಟ್ಟು.
ಅಂಥ ಚಪ್ಪಾಳೆ ನಾನು ಕೇಳಿರಲಿಲ್ಲ.
ಹಿಂದಿನ ಸಾಲಿನಿಂದ ಒಬ್ಬ ನಡುವೆಯೇ ಎದ್ದು ಹೋದ,
ಎರಡನೇ ಪಾಳಿ ಇರಬೇಕು.

ಮಸ್ಕಿಯಲ್ಲಿ ಹೇಳಿದಾಗ ಗಣಿ ಎರಡು ಲೆವೆಲ್ ಆಳವಾಯಿತು.
ಲಿಂಗಸುಗೂರಿನಲ್ಲಿ ಮೌಲಪ್ಪ
‘ಬೆಳಕು ಒಳಗೈತ್ರಿ ಸರ’ ಎಂದು ಒಂದು ಮಾತು ಆಡಿಯೇಬಿಟ್ಟ.
ಮಾನ್ವಿಗೆ ಬರುವ ಹೊತ್ತಿಗೆ
ಆ ಹೆಬ್ಬೆರಳಿಗೆ ಉಗುರು ಬೆಳೆದಿತ್ತು;
ಅದು ಗುರುವಿನ ಕೈಯಾಗಿತ್ತು, ಮೆತ್ತಗೆ, ಗಂಧದ ವಾಸನೆ.
ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.
ನನಗೂ ಗಂಟಲು ಕಟ್ಟಿತು, ಸರಿಯಾದ ಜಾಗದಲ್ಲಿ,
ಮೂರು ಎಣಿಸುವಷ್ಟು.

ಈಗ ರಾತ್ರಿ ಕರೆಂಟು ಹೋದರೆ
ಮಂಚದ ಮೇಲೆ ಕೂತು ಕೈ ಚಾಚುತ್ತೇನೆ.
ಸಿಗುವುದು ಕಥೆ.
ಎಷ್ಟು ಕೈಯಾಡಿಸಿದರೂ ಅದೇ,
ನುಣುಪಾಗಿ, ಕಿವಿಗೆ ಹಿತವಾಗಿ.

ಹೋದ ತಿಂಗಳು ಮುದಗಲ್ ಬಸ್‌ಸ್ಟ್ಯಾಂಡಿನಲ್ಲಿ
ಉಳ್ಳಾಗಡ್ಡಿ ಚೀಲದ ಮೇಲೆ ಕೂತಿದ್ದವನು
‘ಗುರ್ತು ಸಿಕ್ತೇನ್ರಿ ಸರ’ ಅಂದ.
ಸಿಗಲಿಲ್ಲ. ಕೈ ಮುಂದೆ ಮಾಡಿದ, ಸಿಕ್ಕಿತು.
‘ರಿಟೈರ್ ಆದೆ. ಮಗಳ ಊರಿಗೆ ಹೊಂಟೀನಿ.’
ಆಮೇಲೆ, ಬಸ್ಸಿನ ಬೋರ್ಡು ನೋಡುತ್ತ,
‘ಅವತ್ತು ನಿಮ್ಮ ಕೈ ಭಾಳ ತಣ್ಣಗಿತ್ರಿ.’

ಚೀಲ ಹೆಗಲಿಗೇರಿಸಿ ಹತ್ತಿ ಹೋದ.

ಇದನ್ನು ಇದುವರೆಗೆ ಎಲ್ಲೂ ಹೇಳಿಲ್ಲ.
ಇಲ್ಲಿಯೂ ಬರೆಯಬಾರದಿತ್ತು.